ಚಕ್ರವರ್ತಿಯ ಮುಖ, ನಾಣ್ಯದ ತೂಕ

ನನ್ನ ಅಜ್ಜಿಯ ಬಳಿ ಒಂದು ಕಾಸಿನ ಸರವಿತ್ತು. ಹಬ್ಬ ಹರಿದಿನಗಳಲ್ಲಿ, ಮದುವೆ ಮುಂಜಿಗಳಲ್ಲಿ ಮಾತ್ರ ಅದು ಪೆಟ್ಟಿಗೆಯಿಂದ ಹೊರಕ್ಕೆ ಬರುತ್ತಿದ್ದಿತು. ಕಾಸಿನ ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿಯ ತಲೆ. ಇನ್ನೊಂದು ಮುಖದಲ್ಲಿ ಕುದುರೆಯೇರಿ, ರೆಕ್ಕೆಯುಳ್ಳ ಸರ್ಪದಂಥ ಪ್ರಾಣಿಯೊಂದನ್ನು ತುಳಿಯುತ್ತಿರುವ ವೀರ. ಆ ವೀರನು ಯಾರೆಂದು ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ. "ಯಾರೋ ಅವರ ಕಡೆಯ ದೇವರಿರಬೇಕು ಕಣೋ, ಚಿನ್ನ ಮಾತ್ರ ಒಳ್ಳೆಯದು" ಎಂದಳು ಅಜ್ಜಿ. ಆ ವೀರ ಇಂಗ್ಲೆಂಡಿನವರ ಸಂತ ಜಾರ್ಜ್ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಜ್ಜಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಅವಳಿಗೆ ಕೊರತೆಯೂ ಆಗಲಿಲ್ಲ.

ವಸ್ತುಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತು, ನಮ್ಮ ಹಳೆಯ ನಾಲ್ಕಾಣೆಯಷ್ಟು ಅಗಲದ ರೋಮನ್ ಬೆಳ್ಳಿಯ ನಾಣ್ಯವನ್ನು ನೋಡುತ್ತಿದ್ದಾಗ ನನಗೆ ಅಜ್ಜಿಯ ಆ ಮಾತು ನೆನಪಾಯಿತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೇರೊಂದು ಸಾಮ್ರಾಜ್ಯದ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ನಾಡಿನ ಜನ ಹೆಚ್ಚುಕಡಮೆ ಇದೇ ತೀರ್ಪನ್ನು ಕೊಟ್ಟಿರಬೇಕು ಎನ್ನಿಸಿತು.

ರೋಮಿನ ನಾಣ್ಯವೆಂದರೆ ನಮಗೆ ಸಂಬಂಧವಿಲ್ಲದ ದೂರದ ಮಾತಲ್ಲ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೋಮನ್ ಚಕ್ರವರ್ತಿಗಳ ೧೬೩ ಬೆಳ್ಳಿಯ ನಾಣ್ಯಗಳು ಒಟ್ಟಿಗೆ ದೊರೆತುವು. ೧೯೬೫ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಮತ್ತೆ ೨೫೬ ನಾಣ್ಯಗಳು ಸಿಕ್ಕಿದುವು. ಚಿತ್ರದುರ್ಗದ ಬೆಟ್ಟಗಳ ಬುಡದಲ್ಲಿರುವ ಚಂದ್ರವಳ್ಳಿಯನ್ನು ಮೊದಲು ಡಾ. ಎಂ. ಎಚ್. ಕೃಷ್ಣ ಅವರು, ಆಮೇಲೆ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಯಿಸಿದರು. ಸಾತವಾಹನರ ಕಾಲದ ಆ ಊರಿನ ಮಣ್ಣು ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ದಿನಾರಿಯಸ್ ನಾಣ್ಯಗಳನ್ನು ನಮಗೆ ಕೊಟ್ಟಿದೆ. ದಿನಾರಿಯಸ್ ಎಂಬುದು ರೋಮನರ ಬೆಳ್ಳಿಯ ನಾಣ್ಯದ ಹೆಸರು. ಅಂಥ ೨೫ ಕೊಟ್ಟರೆ ಆರಿಯಸ್ ಎಂಬ ಒಂದು ಚಿನ್ನದ ನಾಣ್ಯ.

ಇವು ಇಲ್ಲಿಗೆ ಬಂದ ಬಗೆಯನ್ನು ಬಹುಮಂದಿ ಬಲ್ಲರು. ಮುಂಗಾರು ಗಾಳಿಯ ಬೆನ್ನುಹತ್ತಿ ಕೆಂಪು ಸಮುದ್ರದಿಂದ ಹೊರಟ ಹಡಗುಗಳು ಪಶ್ಚಿಮ ಕರಾವಳಿಯ ಬಂದರುಗಳನ್ನು ಸೇರುತ್ತಿದ್ದುವು. ಮೆಣಸು, ಮುತ್ತು, ಹತ್ತಿಯ ಬಟ್ಟೆ, ದಂತ ಇವನ್ನು ತುಂಬಿಕೊಂಡು ಹಿಂದಿರುಗುತ್ತಿದ್ದುವು. ನಮ್ಮ ಸರಕಿಗೆ ಬದಲಾಗಿ ಕೊಡಲು ರೋಮನರಲ್ಲಿ ದ್ರಾಕ್ಷಾರಸ, ಹವಳ, ಗಾಜು ಮೊದಲಾದವು ಇದ್ದರೂ ಅವು ಸಾಲದೆ, ಉಳಿದದ್ದನ್ನು ಚಿನ್ನ ಬೆಳ್ಳಿಗಳಲ್ಲಿ ಕೊಡಬೇಕಾಗಿದ್ದಿತು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಇಂಡಿಯಾ ದೇಶವೊಂದೇ ಸೆಳೆದುಕೊಳ್ಳುತ್ತಿದೆಯೆಂದು ಪ್ಲೀನಿ ಎಂಬ ರೋಮನ್ ಪಂಡಿತನು ಕ್ರಿ. ಶ. ಮೊದಲನೆಯ ಶತಮಾನದಲ್ಲಿ ದೂರಿದ. ಒಂದು ದಿನಾರಿಯಸ್ಸಿಗೆ ನಾಲ್ಕು ಸೆಸ್ಟರ್ಸ್. ಅವನ ಲೆಕ್ಕ ಎಷ್ಟು ಕರಾರುವಾಕ್ಕಾದದ್ದೋ, ಅವನ ಸಂಕಟವಂತೂ ನಿಜವಾದದ್ದು.

ಆದರೆ ನಾನು ಹೇಳಹೊರಟಿರುವುದು ವ್ಯಾಪಾರದ ಕಥೆಯನ್ನಲ್ಲ. ನಾಣ್ಯಗಳ ಮೇಲಣ ಚಿತ್ರಗಳ ಕಥೆಯನ್ನು.

ವೃತ್ತಪತ್ರಿಕೆಯಿಲ್ಲದ, ರೇಡಿಯೋ ಇಲ್ಲದ ಕಾಲದಲ್ಲಿ ರಾಜನ ಮಾತು ಪ್ರಜೆಗಳ ಮನೆಗೆ ಹೋಗುವುದು ಹೇಗೆ? ಶಾಸನವನ್ನು ಕಲ್ಲಿನಲ್ಲಿ ಕೆತ್ತಿಸಬಹುದು. ಕಲ್ಲು ನಿಂತಲ್ಲೇ ನಿಂತಿರುತ್ತದೆ. ನಾಣ್ಯಕ್ಕಾದರೆ ಕಾಲಿದೆ. ಸಿಪಾಯಿಯ ಸಂಬಳವಾಗಿ ಹೊರಟು ಅಂಗಡಿಗೆ, ಅಂಗಡಿಯಿಂದ ಸಂತೆಗೆ, ಸಂತೆಯಿಂದ ಹಡಗಿಗೆ ಅದು ನಡೆಯುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ, ಸುತ್ತಿಗೆಯ ಒಂದು ಏಟು. ರಾಜನು ಹೇಳಬೇಕೆಂದದ್ದು ಎರಡು ಬದಿಗಳಲ್ಲಿ ಮೂಡಿ ಹೊರಟುಹೋಯಿತು. ಇದನ್ನು ರೋಮನರಷ್ಟು ಚೆನ್ನಾಗಿ ಅರಿತವರು ಹಿಂದಿನ ಕಾಲದಲ್ಲಿ ಕಡಮೆ.

ಬಹುಕಾಲ ರೋಮ್ ಗಣರಾಜ್ಯವಾಗಿದ್ದಿತು. ಆ ದಿನಗಳಲ್ಲಿ ಬದುಕಿರುವ ಮನುಷ್ಯನ ಮುಖವನ್ನು ರೋಮಿನ ನಾಣ್ಯಕ್ಕೆ ಹಾಕುವುದು ಸಲ್ಲದ ಕೆಲಸ. ದೇವತೆಗಳ ಮುಖ ಬರಬಹುದು, ಸತ್ತ ಹಿರಿಯರದೂ ಬರಬಹುದು. ಕ್ರಿ. ಪೂ. ೪೪ರಲ್ಲಿ ಜೂಲಿಯಸ್ ಸೀಸರನು ಆ ಕಟ್ಟನ್ನು ಮುರಿದು ತನ್ನ ಮುಖವನ್ನು ಹಾಕಿಸಿಕೊಂಡ. ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಅವನ ಕೊಲೆಯಾಯಿತು. ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಎರಡು ವರ್ಷಗಳ ಅನಂತರ ತಾನೇ ಒಂದು ನಾಣ್ಯವನ್ನು ಅಚ್ಚುಮಾಡಿಸಿದ. ಅದರ ಒಂದು ಬದಿಯಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ದಾಸ್ಯದಿಂದ ಬಿಡುಗಡೆ ಹೊಂದಿದವನು ತೊಡುವ ಟೊಪ್ಪಿಗೆ, ಕೆಳಗೆ ಕೊಲೆಯಾದ ದಿನದ ಹೆಸರು. ಅರಸುತನದಿಂದ ರೋಮನ್ನು ಬಿಡಿಸಿದೆವೆಂಬ ಸಾರಾಟವೇ ಅದು. ಇನ್ನೊಂದು ಬದಿಯಲ್ಲಿ ಯಾರ ಮುಖ? ಬದುಕಿದ್ದ ಬ್ರೂಟಸನದೇ! ನಾಣ್ಯದ ಮೇಲೆ ಮುಖ ಹಾಕುವ ಆಸೆ ಒಮ್ಮೆ ಹುಟ್ಟಿದ ಮೇಲೆ ಅದನ್ನು ಕಠಾರಿಯಿಂದ ಕೊಲ್ಲುವುದು ಸಾಧ್ಯವಾಗಲಿಲ್ಲ.

ಸೀಸರನ ದತ್ತುಮಗನಾದ ಆಕ್ಟೇವಿಯನ್ ಎಲ್ಲ ಎದುರಾಳಿಗಳನ್ನೂ ಗೆದ್ದು ಕ್ರಿ. ಪೂ. ೨೭ರಲ್ಲಿ ಆಗಸ್ಟಸ್ ಎಂಬ ಬಿರುದನ್ನು ಪಡೆದ. ತಾನು ದೊರೆಯೆಂದು ಅವನು ಬಾಯಿಬಿಟ್ಟು ಹೇಳಿಕೊಂಡವನಲ್ಲ. ಹೇಳಬೇಕಾದದ್ದನ್ನೆಲ್ಲ ಅವನ ನಾಣ್ಯಗಳು ಹೇಳಿದುವು. ಈಜಿಪ್ಟನ್ನು ಗೆದ್ದುದಕ್ಕೆ ಒಂದು ಮೊಸಳೆಯ ಚಿತ್ರ. ಪಾರ್ಥಿಯನರು ಹಿಂದೆ ಯುದ್ಧದಲ್ಲಿ ಕಿತ್ತುಕೊಂಡಿದ್ದ ರೋಮಿನ ಧ್ವಜಗಳನ್ನು ಕ್ರಿ. ಪೂ. ೨೦ರಲ್ಲಿ ಹಿಂದಿರುಗಿಸಿದ್ದಕ್ಕೆ, ಮಂಡಿಯೂರಿ ಧ್ವಜ ನೀಡುತ್ತಿರುವ ಪಾರ್ಥಿಯನನ ಚಿತ್ರ. ಪ್ರಜೆಗಳ ಪ್ರಾಣ ಉಳಿಸಿದವನೆಂಬುದಕ್ಕೆ ಓಕ್ ಎಲೆಗಳ ಹಾರ. ತಲೆಯ ಸುತ್ತ "ದಿವಿ ಫಿಲಿಯಸ್" ಎಂಬ ಮಾತು, ಎಂದರೆ ದೇವನಾದವನ ಮಗ. ಸತ್ತ ಸೀಸರನನ್ನು ದೇವರೆಂದು ಸೆನೆಟ್ ಸಭೆ ಒಪ್ಪಿದ್ದಿತಷ್ಟೆ. ದೇವರ ಮಗನು ದೊರೆಯೆಂದು ಬೇರೆ ಹೇಳಿಕೊಳ್ಳಬೇಕೆ?

ದಕ್ಷಿಣ ಭಾರತದ ನೆಲದಲ್ಲಿ ದೊರೆಯುವ ಆಗಸ್ಟಸನ ಬೆಳ್ಳಿಯ ನಾಣ್ಯಗಳಲ್ಲಿ ಒಂದು ಬಗೆಯದು ಉಳಿದೆಲ್ಲಕ್ಕಿಂತ ಹೆಚ್ಚು. ಕ್ರಿ. ಪೂ. ೨ರಿಂದ ಆಚೆಗೆ, ಈಗಿನ ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯ ಅದು. ಮುಂಬದಿಯಲ್ಲಿ ಲಾರೆಲ್ ಎಲೆಗಳ ಹಾರ ಧರಿಸಿದ ಆಗಸ್ಟಸನ ತಲೆ. ಆಗ ಅವನಿಗೆ ವಯಸ್ಸು ಅರುವತ್ತು; ನಾಣ್ಯದಲ್ಲಿ ಅವನು ನವಯುವಕ. ಹಿಂಬದಿಯಲ್ಲಿ ಇಬ್ಬರು ತರುಣರು ಟೋಗಾ ಹೊದ್ದು ನಿಂತಿದ್ದಾರೆ. ಅವರ ನಡುವೆ ಎರಡು ಗುರಾಣಿ, ಎರಡು ಭರ್ಜಿ. ಮೇಲೆ ಸಣ್ಣ ವಸ್ತುಗಳೆರಡು: ಒಂದು ದೇವತಾಕಾರ್ಯದಲ್ಲಿ ದ್ರಾಕ್ಷಾರಸವನ್ನು ಎರೆಯುವ ಸೌಟು, ನಮ್ಮ ಹೋಮದ ಸ್ರುವವನ್ನು ನೆನಪಿಗೆ ತರುವಂಥದು, ಇನ್ನೊಂದು ತುದಿ ಸುರುಳಿಸುತ್ತಿದ ದಂಡ, ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುವ ಅರ್ಚಕರು ಹಿಡಿಯುವಂಥದು.

ಈ ಇಬ್ಬರು ಗೇಯಸ್ ಮತ್ತು ಲೂಸಿಯಸ್. ಆಗಸ್ಟಸನಿಗೆ ಗಂಡುಮಕ್ಕಳಿರಲಿಲ್ಲ; ಜೂಲಿಯಾ ಎಂಬ ಒಬ್ಬಳೇ ಮಗಳು. ಅವಳ ಹಿರಿಯ ಗಂಡುಮಕ್ಕಳಿಬ್ಬರನ್ನು ಅಜ್ಜನು ಕ್ರಿ. ಪೂ. ೧೭ರಲ್ಲಿಯೇ ತನ್ನ ಮಕ್ಕಳನ್ನಾಗಿ ದತ್ತು ತೆಗೆದುಕೊಂಡಿದ್ದ. ಆಗ ಹಿರಿಯನಿಗೆ ಮೂರು ವರ್ಷ, ಕಿರಿಯನು ಹಸುಗೂಸು. ಗುರಾಣಿ ಭರ್ಜಿಗಳು ರೋಮಿನ ಅಶ್ವವರ್ಗದವರು ಅವರಿಗೆ ಉಡುಗೊರೆಯಾಗಿ ಕೊಟ್ಟ ಬೆಳ್ಳಿಯ ಆಯುಧಗಳು. ಸೌಟು ಗೇಯಸನ ಅರ್ಚಕ ಪದವಿಯ ಗುರುತು, ಬಾಗಿದ ದಂಡ ಲೂಸಿಯಸನದು. ಸುತ್ತಲಿನ ಬರಹ ಇವರು ಆಗಸ್ಟಸನ ಮಕ್ಕಳು, ಮುಂದೆ ಕಾನ್ಸಲ್ ಆಗಲಿರುವವರು, ತರುಣರಲ್ಲಿ ಮೊದಲಿಗರು ಎಂದು ಸಾರುತ್ತದೆ. ಒಟ್ಟಿನಲ್ಲಿ ಅದು ಯುವರಾಜ ಪಟ್ಟಾಭಿಷೇಕದ ಆಹ್ವಾನ ಪತ್ರಿಕೆ. ನನ್ನ ಅನಂತರ ಯಾರೆಂದು ಚಿಂತಿಸಬೇಡಿ. ಇಗೋ, ಒಬ್ಬನಲ್ಲ, ಇಬ್ಬರು ಎಂದು ಮುದುಕನು ಲೋಕಕ್ಕೆ ಹೇಳುತ್ತಿದ್ದಾನೆ.

ಮುಂಬದಿಯ ಬರಹದಲ್ಲಿ ಮತ್ತೊಂದು ಬಿರುದುಂಟು: "ದೇಶದ ತಂದೆ" ಎಂದು. ಅದು ಅವನಿಗೆ ಬಂದದ್ದು ಕ್ರಿ. ಪೂ. ೨ರಲ್ಲಿ. ಅದೇ ವರ್ಷ ಅವನು ನಡತೆ ಕೆಟ್ಟವಳೆಂದು ತನ್ನ ಮಗಳು ಜೂಲಿಯಾಳನ್ನು ಸಣ್ಣ ದ್ವೀಪವೊಂದಕ್ಕೆ ಗಡೀಪಾರು ಮಾಡಿದ. ಹಿಂಬದಿಯಲ್ಲಿ ನಿಂತಿರುವ ಹುಡುಗರ ಹೆತ್ತ ತಾಯಿ ಅವಳು. ದೇಶದ ತಂದೆಯಾದವನು ಮಗಳಿಗೆ ತಂದೆಯಾಗಿ ಉಳಿಯಲಿಲ್ಲ. ಆ ಸಂಗತಿಗೆ ನಾಣ್ಯದ ಮೇಲೆ ಸ್ಥಳವಿಲ್ಲ. ರಾಜಮುದ್ರೆಯ ಚಿತ್ರಗಳನ್ನು ನೋಡುವಾಗ ಅಲ್ಲಿ ಇಲ್ಲದವರನ್ನೂ ಕೇಳಬೇಕು ಎಂಬುದನ್ನು ನಾನು ಕಲಿತದ್ದು ಈ ನಾಣ್ಯದಿಂದ.

ಮುಂದಿನ ಕಥೆ ಚಿಕ್ಕದು. ಕ್ರಿ. ಶ. ೨ರಲ್ಲಿ ಸ್ಪೇನಿಗೆ ಹೊರಟಿದ್ದ ಲೂಸಿಯಸ್ ದಾರಿಯಲ್ಲಿ ಮಸಿಲಿಯಾದಲ್ಲಿ, ಈಗಿನ ಮಾರ್ಸೇಲ್ಸಿನಲ್ಲಿ, ಕಾಯಿಲೆ ಬಿದ್ದು ಸತ್ತ. ವಯಸ್ಸು ಹದಿನೆಂಟು. ಗೇಯಸ್ ಆರ್ಮೇನಿಯಾದ ಕೋಟೆಯೊಂದರ ಮುಂದೆ ಗಾಯಗೊಂಡು, ಅದು ವಾಸಿಯಾಗದೆ, ಕ್ರಿ. ಶ. ೪ರಲ್ಲಿ ಊರಿಗೆ ಹಿಂದಿರುಗುವ ದಾರಿಯಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ಮೂರು. ಅಜ್ಜನು ಇನ್ನೂ ಹತ್ತು ವರ್ಷ ಬದುಕಿದ್ದ. ಹುಡುಗರು ಹೋದರು, ಆದರೆ ಅವರ ನಾಣ್ಯವನ್ನು ಹಿಂದಕ್ಕೆ ಕರೆಯುವವರು ಯಾರು? ಅದು ಮೂಟೆಗಳಲ್ಲಿ ತುಂಬಿ ಹಡಗನ್ನೇರಿತ್ತು. ಪಟ್ಟಕ್ಕೆ ಬರದೆಯೇ ಸತ್ತ ಆ ರಾಜಕುಮಾರರು ನಮ್ಮ ಸಂತೆಗಳಲ್ಲಿ ಮೆಣಸಿನ ಚೀಲಗಳ ನಡುವೆ ಗುರಾಣಿ ಹಿಡಿದು ನಿಂತೇ ಇದ್ದರು.

ಇನ್ನೊಂದು ಬಗೆಯ ನಾಣ್ಯವೂ ನಮ್ಮಲ್ಲಿ ಹೇರಳ. ಅದು ಟೈಬೀರಿಯಸನದು. ಇವನು ಆಗಸ್ಟಸನ ಹೆಂಡತಿ ಲಿವಿಯಾಳಿಗೆ ಹಿಂದಿನ ಗಂಡನಿಂದ ಹುಟ್ಟಿದ ಮಗ. ಮೊಮ್ಮಕ್ಕಳು ಬೆಳೆಯುತ್ತಿದ್ದ ಕಾಲದಲ್ಲಿ ಮೂಲೆಗೆ ಬಿದ್ದು, ರೋಡ್ಸ್ ದ್ವೀಪದಲ್ಲಿ ಎಷ್ಟೋ ವರ್ಷ ಕಳೆದವನು. ಅವರಿಬ್ಬರೂ ಸತ್ತ ಮೇಲೆ ಬೇರೆ ದಾರಿಯಿಲ್ಲದೆ ಆಗಸ್ಟಸ್ ಇವನನ್ನು ದತ್ತು ತೆಗೆದುಕೊಂಡ. ಕ್ರಿ. ಶ. ೧೪ರಿಂದ ೩೭ರ ವರೆಗೆ ಇವನು ಆಳಿದ. ಹೆಚ್ಚುಕಡಮೆ ಅಷ್ಟು ಕಾಲವೂ ಇವನ ದಿನಾರಿಯಸ್ಸಿನ ಮೇಲೆ ಒಂದೇ ಚಿತ್ರ: ಪೀಠದ ಮೇಲೆ ಕುಳಿತ ಒಬ್ಬ ಹೆಂಗಸು, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಎಲೆಗಳುಳ್ಳ ರೆಂಬೆ. ಅವಳು ಶಾಂತಿದೇವತೆ ಎನ್ನುವವರುಂಟು. ತಾಯಿ ಲಿವಿಯಾಳೇ ಎನ್ನುವವರೂ ಉಂಟು. ನೋಡಿದವರು ಎರಡನ್ನೂ ಎಣಿಸಿಕೊಳ್ಳಲಿ ಎಂಬುದೇ ಉದ್ದೇಶವಾಗಿದ್ದರೆ ಆಶ್ಚರ್ಯವಿಲ್ಲ. ಕ್ರೈಸ್ತರ ಸುವಾರ್ತೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ತೆರಿಗೆ ಕೊಡಬಹುದೆ ಎಂದು ಕೇಳಿದವರಿಗೆ ಯೇಸುವು ನಾಣ್ಯವೊಂದನ್ನು ತೋರಿಸಹೇಳಿ, ಇದರ ಮೇಲಿರುವ ಮುಖ ಯಾರದೆಂದು ಕೇಳುತ್ತಾನೆ. ಆ ನಾಣ್ಯ ಟೈಬೀರಿಯಸನ ಈ ದಿನಾರಿಯಸ್ಸೇ ಎಂದು ಬಹು ಜನರ ನಂಬಿಕೆ. ಅಲ್ಲಿ ಆ ಪ್ರಶ್ನೆಗೆ ಪ್ರಾಣದಷ್ಟು ಬೆಲೆಯಿದ್ದಿತು: ಮುಖ ಯಾರದೋ ಆಳ್ವಿಕೆ ಅವನದು. ಇಲ್ಲಿ, ನಮ್ಮ ಚಂದ್ರವಳ್ಳಿಯಲ್ಲಿ, ಆ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇರಲಿಲ್ಲ.

ಹಾಗಾದರೆ ನಮ್ಮವರು ಈ ನಾಣ್ಯಗಳಲ್ಲಿ ಕಂಡದ್ದೇನು? ನಮ್ಮ ಹಳೆಯ ಮುದ್ರಾಂಕಿತ ನಾಣ್ಯಗಳಲ್ಲಿ ಸೂರ್ಯ, ಬೆಟ್ಟ, ಮರ, ಆನೆ ಇಂಥ ಗುರುತುಗಳಿದ್ದುವೇ ಹೊರತು ಅರಸನ ಮುಖವಿರಲಿಲ್ಲ. ಸಾತವಾಹನರ ಸೀಸ ತಾಮ್ರಗಳ ನಾಣ್ಯಗಳಲ್ಲಿ ಆನೆ, ಹಡಗು, ವೃತ್ತಗಳ ಚಿಹ್ನೆ. ಮುಖವುಳ್ಳ ಬೆಳ್ಳಿಯ ನಾಣ್ಯಗಳನ್ನು ಅವರು ಹೊರಡಿಸಿದ್ದು ತಡವಾಗಿ. ಪರದೇಶದ ತಲೆಯೊಂದು ಬೆಳ್ಳಿಯ ಮೇಲೆ ಉಬ್ಬಿ ನಿಂತದ್ದು ವಿಚಿತ್ರವಾಗಿಯೇ ಕಂಡಿರಬೇಕು. ಲ್ಯಾಟಿನ್ ಅಕ್ಷರಗಳನ್ನು ಓದುವವರು ಎಲ್ಲಿದ್ದರು?

ಇದಕ್ಕೆ ಉತ್ತರದಂತಿರುವ ಕಥೆಯೊಂದನ್ನು ಪ್ಲೀನಿಯೇ ಬರೆದಿಟ್ಟಿದ್ದಾನೆ. ಕೆಂಪು ಸಮುದ್ರದ ಸುಂಕದ ಗುತ್ತಿಗೆದಾರನಾದ ಆನಿಯಸ್ ಪ್ಲೊಕಾಮಸನ ಕಡೆಯವನೊಬ್ಬ ಬಿರುಗಾಳಿಗೆ ಸಿಕ್ಕಿ ಸಿಂಹಳದ ತೀರವನ್ನು ಮುಟ್ಟಿದ. ಅಲ್ಲಿಯ ಅರಸನು ಅವನನ್ನು ಆದರದಿಂದ ನೋಡಿಕೊಂಡು ರೋಮಿನ ವಿಚಾರ ಕೇಳಿದ. ಅವನ ಬಳಿಯಿದ್ದ ದಿನಾರಿಯಸ್‌ಗಳನ್ನು ತೂಗಿಸಿ ನೋಡಿದ. ಮೇಲಿನ ಮುಖಗಳು ಬೇರೆ ಬೇರೆ. ಬೇರೆ ಬೇರೆ ಅರಸರು ಹೊರಡಿಸಿದುವೆಂಬುದು ಸ್ಪಷ್ಟ. ಆದರೂ ತೂಕ ಮಾತ್ರ ಒಂದೇ. ಇಂಥವರು ನಂಬಿಕೆಗೆ ಅರ್ಹರೆಂದು ಮೆಚ್ಚಿ ಅರಸನು ರೋಮಿಗೆ ರಾಯಭಾರಿಗಳನ್ನು ಕಳಿಸಿದನಂತೆ. ಕಥೆಯನ್ನು ಹೇಳಿದವನು ರೋಮನನಾದ್ದರಿಂದ ಹೊಗಳಿಕೆಯ ಉಪ್ಪುಕಾರ ಸ್ವಲ್ಪ ಬಿದ್ದಿರಬಹುದು. ಆದರೆ ಅದರ ತಿರುಳು ನನಗೆ ಬಹಳ ಹಿಡಿಸಿತು. ಚಕ್ರವರ್ತಿಗಳು ಇಷ್ಟೆಲ್ಲ ಶ್ರಮಪಟ್ಟು ಮುಖ, ಬಿರುದು, ದೇವತೆ, ಗೆಲವು ಎಲ್ಲವನ್ನೂ ಕೆತ್ತಿಸಿ ಕಳಿಸಿದರು. ಸಮುದ್ರದ ಈಚೆಯ ದಡದಲ್ಲಿ ಅದನ್ನು ಓದಿದ್ದು ತಕ್ಕಡಿ.

ಮುಖಕ್ಕೆ ನಾವು ಕೊಟ್ಟ ಬೆಲೆ ಎಂಥದೆಂಬುದಕ್ಕೆ ಬೇರೆ ಸಾಕ್ಷಿಗಳೂ ಉಂಟು. ೧೮೯೮ರಲ್ಲಿ ತಮಿಳುನಾಡಿನ ಪುದುಕ್ಕೋಟೆಯ ಸೀಮೆಯಲ್ಲಿ ೫೦೧ ರೋಮನ್ ಚಿನ್ನದ ನಾಣ್ಯಗಳು ದೊರೆತುವು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕೊಯ್ದ ಗಾಯವಿದೆ. ಇದು ದ್ವೇಷದ ಕೆಲಸವೆಂದು ನನಗೆ ತೋರುವುದಿಲ್ಲ. ಇನ್ನು ಇದು ನಾಣ್ಯವಲ್ಲ, ಬರಿಯ ಚಿನ್ನ; ಈ ಮುಖದ ಆಜ್ಞೆ ಇಲ್ಲಿ ನಡೆಯದು ಎಂದು ಇಲ್ಲಿಯವರು ಹಾಕಿದ ರುಜು ಅದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಉತ್ತರದಲ್ಲಿ ಕುಷಾಣರ ಕುಜುಲ ಕಡ್‌ಫೀಸಸನು ಮಾಡಿದ್ದು ಇದಕ್ಕೆ ವಿರುದ್ಧ. ರೋಮನ್ ಚಕ್ರವರ್ತಿಯ ತಲೆಯನ್ನೇ ಹೋಲುವ ತಲೆಯನ್ನು ತನ್ನ ತಾಮ್ರದ ನಾಣ್ಯಕ್ಕೆ ಹಾಕಿಸಿಕೊಂಡು, ಹಿಂಬದಿಯಲ್ಲಿ ರೋಮನ್ ಅಧಿಕಾರಿಗಳ ಪೀಠದಂಥದರ ಮೇಲೆ ತಾನು ಕುಳಿತ. ಒಬ್ಬನು ಮುಖವನ್ನು ಕೊಯ್ದ. ಇನ್ನೊಬ್ಬನು ಅದನ್ನು ಎರವಲು ತಂದ. ಮೂರನೆಯ ದಾರಿ ಹೆಂಗಸರದು. ದಕ್ಷಿಣದಲ್ಲಿ ಸಿಕ್ಕಿರುವ ಅನಂತರದ ಕಾಲದ ಬೈಜಾಂಟೈನ್ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳಿಗೆ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ತೂತುಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಾಗ ಮುಖ ನೆಟ್ಟಗೆ ನಿಲ್ಲಲೆಂದು ಮಾಡಿದ ಉಪಾಯ ಇದು. ನಮ್ಮ ಹಾನಗಲ್ಲಿನ ಬಳಿಯ ಅಕ್ಕಿಆಲೂರಿನಲ್ಲಿಯೂ ಆ ಕಾಲದ ಚಿನ್ನದ ನಾಣ್ಯಗಳು ಸಿಕ್ಕಿವೆ. ಕಾಸಿನ ಸರ ನಮ್ಮ ಅಜ್ಜಿಯಂದಿರು ಕಂಡುಹಿಡಿದದ್ದಲ್ಲ!

ಇನ್ನು ಕಥೆಯ ಕೊನೆಯ ಭಾಗ. ಆಗಸ್ಟಸನ ಕಾಲದಲ್ಲಿ ಒಂದು ರೋಮನ್ ರಾತಲು ಬೆಳ್ಳಿಯಲ್ಲಿ ೮೪ ದಿನಾರಿಯಸ್‌ಗಳನ್ನು ಹೊಡೆಯುತ್ತಿದ್ದರು. ಬೆಳ್ಳಿಯೂ ಬಹುಮಟ್ಟಿಗೆ ಚೊಕ್ಕ. ಕ್ರಿ. ಶ. ೬೪ರಲ್ಲಿ ರೋಮ್ ನಗರಕ್ಕೆ ದೊಡ್ಡ ಬೆಂಕಿ ಬಿದ್ದಿತು. ನೀರೋ ಚಕ್ರವರ್ತಿಗೆ ಊರನ್ನು ಮತ್ತೆ ಕಟ್ಟಿಸಬೇಕು, ತನಗೊಂದು ಹೊನ್ನಿನ ಅರಮನೆಯನ್ನೂ ಕಟ್ಟಿಸಿಕೊಳ್ಳಬೇಕು. ಆ ಸುಮಾರಿನಲ್ಲಿ ರಾತಲಿಗೆ ೯೬ ನಾಣ್ಯಗಳಾದುವು. ಬೆಳ್ಳಿಗೆ ತಾಮ್ರದ ಬೆರಕೆಯೂ ಹೆಚ್ಚಿತು. ಆದರೆ ಅದೇ ವರ್ಷಗಳ ನೀರೋವಿನ ನಾಣ್ಯಗಳು ಕೆತ್ತನೆಯ ದೃಷ್ಟಿಯಿಂದ ರೋಮನ್ ನಾಣ್ಯಗಳಲ್ಲೆಲ್ಲ ಅತ್ಯಂತ ಸೊಗಸಾದವುಗಳ ಸಾಲಿಗೆ ಸೇರುತ್ತವೆ. ಅವುಗಳಲ್ಲೊಂದರ ಮೇಲೆ ಜೇನಸ್ ದೇವರ ಗುಡಿ. ರೋಮಿಗೆ ಎಲ್ಲಿಯೂ ಯುದ್ಧವಿಲ್ಲದಾಗ ಮಾತ್ರ ಆ ಗುಡಿಯ ಬಾಗಿಲು ಮುಚ್ಚುವ ಪದ್ಧತಿ. ನಾಣ್ಯದಲ್ಲಿ ಬಾಗಿಲು ಮುಚ್ಚಿದೆ. ನೆಲದಲ್ಲೂ ಜಲದಲ್ಲೂ ಶಾಂತಿ ನೆಲೆಸಿತೆಂದು ಬರಹ ಹೇಳುತ್ತದೆ. ೬೬ರಲ್ಲಿ ಯೂದಾಯದಲ್ಲಿ ದೊಡ್ಡ ದಂಗೆ ಎದ್ದಿತು. ೬೮ರಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡ.

ಚಿತ್ರ ಹೆಚ್ಚಾಗಿ ಬೆಳ್ಳಿ ಕಡಮೆಯಾದ ಈ ನಾಣ್ಯಗಳನ್ನು ನಮ್ಮವರು ಹೇಗೆ ಬರಮಾಡಿಕೊಂಡರು? ಭಾರತದಲ್ಲಿ ದೊರೆತಿರುವ ರೋಮನ್ ಬೆಳ್ಳಿಯಲ್ಲಿ ೬೪ಕ್ಕೆ ಈಚಿನದು ಬಹಳ ಅಪರೂಪ. ರಾಶಿರಾಶಿಯಾಗಿ ಇರುವುದು ಆಗಸ್ಟಸ್ ಟೈಬೀರಿಯಸರ ಹಳೆಯ ನಾಣ್ಯಗಳು. ಇದಕ್ಕೆ ವ್ಯಾಪಾರದ ಬೇರೆ ಕಾರಣಗಳೂ ಸೇರಿರಬಹುದು. ಆದರೆ ಗೇಯಸ್ ಲೂಸಿಯಸರ ಜೋಡಿಯೂ ಕುಳಿತ ಹೆಂಗಸೂ ಒಳ್ಳೆಯ ಬೆಳ್ಳಿಯ ಗುರುತೆಂದು ನಮ್ಮ ವರ್ತಕರಿಗೆ ರೂಢಿಯಾಗಿದ್ದುವೆಂದು ನಾಣ್ಯ ಬಲ್ಲವರು ಹಲವರು ಊಹಿಸುತ್ತಾರೆ. ಹಾಗಿದ್ದರೆ ಅದೆಂಥ ವಿಚಿತ್ರ! ಅಜ್ಜನು ವಂಶದ ಆಸೆಯಿಂದ ಕೆತ್ತಿಸಿದ ಚಿತ್ರ ರೋಮಿನಲ್ಲಿ ಕೆಲವೇ ವರ್ಷಗಳಲ್ಲಿ ಸುಳ್ಳಾಯಿತು. ಅದರ ಅರ್ಥವನ್ನೇ ಅರಿಯದ ದೇಶದಲ್ಲಿ ಸತ್ಯದ ಗುರುತಾಗಿ ಉಳಿಯಿತು.

ದಿನಾರಿಯಸ್ ಎಂಬ ಹೆಸರೂ ಉಳಿಯಿತು. ಗುಪ್ತರ ಕಾಲದ ಶಾಸನಗಳಲ್ಲಿ ದೇವರ ದೀಪಕ್ಕೆ, ಭಿಕ್ಷುಗಳ ಊಟಕ್ಕೆ ಇಷ್ಟು "ದೀನಾರ" ಕೊಟ್ಟೆವೆಂದು ದಾನಿಗಳು ಬರೆಸಿದ್ದಾರೆ. ಅವರಿಗೆ ಅದು ಸಂಸ್ಕೃತದ ಮಾತೇ. ಸಾಮ್ರಾಜ್ಯದ ಮುಖ ಮರೆತುಹೋಗಿ ತೂಕದ ಹೆಸರು ನಿಂತಿತು.

ಅಜ್ಜಿಯ ಸರ ಈಗ ನಮ್ಮ ಮನೆಯಲ್ಲಿ ಇಲ್ಲ. ಮೊಮ್ಮಕ್ಕಳ ಪಾಲಿಗೆ ಒಂದೊಂದು ಕಾಸಾಗಿ ಹಂಚಿಹೋಯಿತು. ನನ್ನ ಪಾಲಿಗೆ ಬಂದ ಕಾಸಿನಲ್ಲಿ ರಾಣಿಯ ಕೆನ್ನೆ ಸವೆದು ನುಣುಪಾಗಿದೆ. ಅಕ್ಕಸಾಲಿಗನಿಗೆ ಒಮ್ಮೆ ತೋರಿಸಿದಾಗ ಅವನು ರಾಣಿಯ ಕಡೆಗೆ ನೋಡಲೇ ಇಲ್ಲ. ಒರೆಗಲ್ಲಿಗೆ ಉಜ್ಜಿ, ತಕ್ಕಡಿಗೆ ಹಾಕಿ, ತಲೆದೂಗಿ ಹಿಂದಕ್ಕೆ ಕೊಟ್ಟ.